ಲೀನಿಯರ್ ಆಲ್ಜೀಬ್ರಾಗೆ ಮೊದಲ ಪುಸ್ತಕ: ಕೊಳ್ಳುವ ಮುನ್ನ ಯಾವ ಪುಟ ತೆರೆದು ನೋಡಬೇಕು?

ಕಲಬುರಗಿಯ ಪದವಿ ಕಾಲೇಜುಗಳಲ್ಲಿ ಬಿಎಸ್ಸಿ ಗಣಿತ ಓದುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪಟ್ಟಿ ವರ್ಷದಿಂದ ವರ್ಷಕ್ಕೆ ಸುತ್ತುತ್ತಿರುತ್ತದೆ: ಸ್ಟ್ರಾಂಗ್, ಹಾಫ್‌ಮನ್–ಕುಂಜೆ, ಆಕ್ಸ್ಲರ್, ಶಾಮ್ಸ್. ಯಾರೋ ಐಐಟಿಗೆ ಹೋದ ಹಿರಿಯ ವಿದ್ಯಾರ್ಥಿ ಕಳಿಸಿದ್ದು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಪಟ್ಟಿಯಲ್ಲಿರುವ ಪುಸ್ತಕಗಳೆಲ್ಲ ಒಳ್ಳೆಯವೇ. ಆದರೆ ಅವು ನಾಲ್ಕು ಬೇರೆ ಬೇರೆ ಓದುಗರಿಗಾಗಿ ಬರೆದವು. ಯಾವುದು ಯಾರಿಗೆ ಎಂದು ತಿಳಿಯದೆ ಮೊದಲು ಸಿಕ್ಕಿದ್ದನ್ನು ಕೊಂಡವರು ಮೂವತ್ತನೆಯ ಪುಟಕ್ಕೆ ನಿಂತು, ವಿಷಯವೇ ತಮಗಲ್ಲ ಎಂದುಕೊಳ್ಳುತ್ತಾರೆ. ಬಹುಪಾಲು ಸಲ ತೊಡಕಿರುವುದು ವಿಷಯದಲ್ಲಲ್ಲ, ಪುಸ್ತಕ ಹಿಡಿದ ಕ್ರಮದಲ್ಲಿ.

ಈ ಬರಹ ಬಿಎಸ್ಸಿ, ಬಿಇ ವಿದ್ಯಾರ್ಥಿಗಳಿಗೆ ಮತ್ತು ತಾವಾಗಿಯೇ ಈ ವಿಷಯ ಕಲಿಯಲು ಹೊರಟವರಿಗೆ. ಕಲಬುರಗಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬೀದರ್, ಯಾದಗಿರಿಯವರಿಗೂ ಹೆಚ್ಚೇನೂ ವ್ಯತ್ಯಾಸವಾಗದು.

ಪುಸ್ತಕಕ್ಕೆ ಮೊದಲು: ನೀವು ಎಲ್ಲಿಂದ ಬಂದಿದ್ದೀರಿ?

ದ್ವಿತೀಯ ಪಿಯುಸಿಯಲ್ಲಿ ಮ್ಯಾಟ್ರಿಕ್ಸ್ ಒಂದು ಅಧ್ಯಾಯ, ಡಿಟರ್ಮಿನೆಂಟ್ ಮತ್ತೊಂದು ಅಧ್ಯಾಯ. ವೆಕ್ಟರ್ ಅವೆರಡಕ್ಕೂ ದೂರದಲ್ಲಿ, ಬಾಣದ ಗುರುತಿನೊಡನೆ, ಬೇರೆಯದೇ ವಿಷಯವೆಂಬಂತೆ ಬರುತ್ತದೆ. ಹೀಗಾಗಿ ಪದವಿಗೆ ಬರುವ ವಿದ್ಯಾರ್ಥಿಯ ತಲೆಯಲ್ಲಿ ಮ್ಯಾಟ್ರಿಕ್ಸ್ ಎಂದರೆ ಡಿಟರ್ಮಿನೆಂಟ್ ತೆಗೆಯುವ ವಸ್ತು. ಅಡ್ಜಾಯಿಂಟ್ ಬರೆದು ಇನ್ವರ್ಸ್ ಕಂಡುಹಿಡಿದರೆ ಕೆಲಸ ಮುಗಿಯಿತು. ಮ್ಯಾಟ್ರಿಕ್ಸ್‌ಗೂ ಬಾಣಕ್ಕೂ ನಂಟಿದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರುವುದಿಲ್ಲ. ಲೀನಿಯರ್ ಆಲ್ಜೀಬ್ರಾ ಎಂದರೆ ಆ ನಂಟಿನ ಕಥೆ. ಅದನ್ನು ಎಲ್ಲಿಂದ ಆರಂಭಿಸಬೇಕು ಎಂಬುದರಲ್ಲೇ ಪುಸ್ತಕಗಳು ಬೇರೆಯಾಗುವುದು.

ಸ್ಥೂಲವಾಗಿ ಎರಡು ದಾರಿಗಳಿವೆ. ಒಂದು ಸಮೀಕರಣಗಳಿಂದ ಹೊರಡುತ್ತದೆ: ಸಾಲುಗಳನ್ನು ಕಳೆದು ಕೂಡಿ ಉತ್ತರ ಪಡೆಯುವುದು, ಅಲ್ಲಿಂದ ಮ್ಯಾಟ್ರಿಕ್ಸ್, ಆಮೇಲೆ ವೆಕ್ಟರ್ ಸ್ಪೇಸ್ (ಒಂದಕ್ಕೊಂದು ಕೂಡಲು, ಸಂಖ್ಯೆಯಿಂದ ಗುಣಿಸಲು ಬರುವ ವೆಕ್ಟರ್‌ಗಳ ಗುಂಪು). ಇನ್ನೊಂದು ಮೊದಲ ಪುಟದಲ್ಲೇ ವೆಕ್ಟರ್ ಸ್ಪೇಸ್‌ನ ವ್ಯಾಖ್ಯಾನ ಕೊಟ್ಟು, ಲೀನಿಯರ್ ಟ್ರಾನ್ಸ್‌ಫರ್ಮೇಶನ್ (ಕೂಡಿಕೆ, ಗುಣಾಕಾರ ಕೆಡದಂತೆ ಒಂದು ವೆಕ್ಟರನ್ನು ಇನ್ನೊಂದಕ್ಕೆ ಒಯ್ಯುವ ನಿಯಮ) ಕಟ್ಟಿ, ಮ್ಯಾಟ್ರಿಕ್ಸನ್ನು ಅದರ ಬರವಣಿಗೆಯ ರೂಪವೆಂದು ಆಮೇಲೆ ಪರಿಚಯಿಸುತ್ತದೆ. ಮೊದಲನೆಯದನ್ನು ಮ್ಯಾಟ್ರಿಕ್ಸ್ ದಾರಿ, ಎರಡನೆಯದನ್ನು ಸ್ಪೇಸ್ ದಾರಿ ಎಂದು ಕರೆಯೋಣ.

ನಿಮಗೆ ಯಾವುದು ಎಂದು ತಿಳಿಯಲು ಒಂದು ಸಣ್ಣ ಪರೀಕ್ಷೆ ಮಾಡಿ. ಯಾವುದಾದರೂ ಪುಸ್ತಕದಲ್ಲಿ ‘ಬೇಸಿಸ್’ ಎಂಬುದರ ವ್ಯಾಖ್ಯಾನ ತೆರೆದು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಪಕ್ಕದ ಗೆಳೆಯನಿಗೆ ಕನ್ನಡದಲ್ಲಿ ಹೇಳಿ. ‘ಪ್ರತಿಯೊಂದು ವೆಕ್ಟರನ್ನೂ ಇವುಗಳಿಂದ ಕಟ್ಟಬಹುದು, ಅದೂ ಒಂದೇ ಒಂದು ಬಗೆಯಲ್ಲಿ’ ಎಂಬಷ್ಟಾದರೂ ಬಂದರೆ ಸ್ಪೇಸ್ ದಾರಿಗೆ ನೀವು ಸಿದ್ಧ. ಪುಸ್ತಕದ ಇಂಗ್ಲಿಷ್ ವಾಕ್ಯವೇ ನಾಲಗೆಯ ಮೇಲೆ ಬಂದು, ಅರ್ಥ ಹಿಂದೆ ಉಳಿದರೆ ಮ್ಯಾಟ್ರಿಕ್ಸ್ ದಾರಿಯಿಂದ ಹೊರಡಿ. ಇದರಲ್ಲಿ ಮೇಲು ಕೀಳು ಇಲ್ಲ. ಆಳಂದ, ಚಿಂಚೋಳಿ, ಸುರಪುರದ ಕನ್ನಡ ಮಾಧ್ಯಮ ಶಾಲೆಗಳಿಂದ ಬಂದವರಿಗೆ ಇಂಗ್ಲಿಷ್ ಮತ್ತು ಅಮೂರ್ತತೆ ಎಂಬ ಎರಡು ಹೊರೆಗಳು ಒಟ್ಟಿಗೆ ಬೀಳುತ್ತವೆ. ಒಂದೊಂದಾಗಿ ಹೊರುವುದು ಜಾಣತನ.

ಎರಡನೆಯ ಹೆಜ್ಜೆ: ಓದು ಯಾವುದಕ್ಕೆ?

ಸೆಮಿಸ್ಟರ್ ಪರೀಕ್ಷೆಯೊಂದೇ ಗುರಿಯಾದರೆ ಈ ಬರಹ ನಿಮಗೆ ಬೇಕಿಲ್ಲ. ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಹೊಂದಿಸಿ ಬರೆದ ಪುಸ್ತಕ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ಸಾಕು. ಬಿಇ ಓದುವವರಲ್ಲಿ ಬಹುತೇಕರ ಬಳಿ ಗ್ರೆವಾಲ್ ಅವರ ‘ಹೈಯರ್ ಇಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್’ ಇರುತ್ತದೆ. ಅದರಲ್ಲಿ ಲೀನಿಯರ್ ಆಲ್ಜೀಬ್ರಾಗೆ ಸಿಗುವುದು ಒಂದು ಅಧ್ಯಾಯ. ಲೆಕ್ಕ ಮಾಡಲು ಅದು ಕಲಿಸುತ್ತದೆ. ಲೆಕ್ಕ ಏಕೆ ಸರಿಬಂತು ಎಂಬುದು ಅದರ ಉದ್ದೇಶವಲ್ಲ.

ಎಂಎಸ್ಸಿಗೆ ಹೋಗುವವರು, ಅಂದರೆ ಐಐಟಿ ಜಾಮ್ ಬರೆಯುವವರು ಅಥವಾ ಸಿಯುಇಟಿ ಮೂಲಕ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಸೇರಬಯಸುವವರು, ಸಾಧನೆಗಳನ್ನು, ಅಂದರೆ ಪ್ರೂಫ್‌ಗಳನ್ನು, ಬರೆಯಲು ಕಲಿಯಲೇಬೇಕು. ಜಾಮ್‌ನಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರಗಳಿರಬಹುದಾದ ಪ್ರಶ್ನೆಗಳೂ ಇರುತ್ತವೆ. ಅಲ್ಲಿ ಸೂತ್ರ ಕಂಠಪಾಠ ಮಾಡಿದವನಿಗಿಂತ, ‘ಇದು ಸುಳ್ಳಾಗುವ ಉದಾಹರಣೆ ಇದೆಯೇ’ ಎಂದು ಹುಡುಕಿ ರೂಢಿಯಾದವನಿಗೆ ಕೈ ಹತ್ತುತ್ತದೆ.

ಡೇಟಾ ಸೈನ್ಸ್, ಮೆಷಿನ್ ಲರ್ನಿಂಗ್ ಕಡೆ ಮುಖ ಮಾಡಿದವರಿಗೆ ಬೇಕಾದದ್ದು ಬೇರೆ: ಲಂಬತೆ, ಲೀಸ್ಟ್ ಸ್ಕ್ವೇರ್ಸ್, ಐಗನ್ ವ್ಯಾಲ್ಯೂ (ಮ್ಯಾಟ್ರಿಕ್ಸ್ ಒಂದು ವೆಕ್ಟರನ್ನು ಅದರದೇ ಗೆರೆಯ ಮೇಲೆ ಎಷ್ಟು ಪಟ್ಟು ಮಾಡುತ್ತದೆ ಎಂಬ ಸಂಖ್ಯೆ), ಕೊನೆಗೆ ಎಸ್‌ವಿಡಿ (ಸಿಂಗ್ಯುಲರ್ ವ್ಯಾಲ್ಯೂ ಡಿಕಂಪೊಸಿಶನ್). ಇವು ಪರಿವಿಡಿಯಲ್ಲಿ ಕಾಣದಿದ್ದರೆ ಪುಸ್ತಕ ಎಷ್ಟೇ ಹೆಸರಾಂತದ್ದಾಗಿರಲಿ, ಸದ್ಯಕ್ಕೆ ಕಪಾಟಿನಲ್ಲೇ ಇರಲಿ.

ಮೂರನೆಯ ಹೆಜ್ಜೆ: ಪರಿವಿಡಿಯನ್ನು ಓದುವುದು

ಪರಿವಿಡಿ ನೋಡುವಾಗ ನನ್ನ ಕಣ್ಣು ಮೊದಲು ಹುಡುಕುವುದು ಒಂದನ್ನೇ: ಡಿಟರ್ಮಿನೆಂಟ್ ಎಲ್ಲಿದೆ? ಲೇಖಕನ ಮನಸ್ಸು ಅದರಿಂದ ತಿಳಿಯುತ್ತದೆ.

ಡೇವಿಡ್ ಲೇ ಅವರ ಪುಸ್ತಕದಲ್ಲಿ ಅದು ಮೂರನೆಯ ಅಧ್ಯಾಯ. ಮೊದಲೆರಡು ಸಮೀಕರಣಗಳಿಗೆ, ಮ್ಯಾಟ್ರಿಕ್ಸ್ ಲೆಕ್ಕಗಳಿಗೆ. ನೋಡಲು ಪಿಯುಸಿಯ ಮುಂದುವರಿಕೆಯಂತಿದೆ. ಆದರೆ ಮೊದಲ ಅಧ್ಯಾಯದ ಒಳಗೆ ಇಣುಕಿದರೆ ಲೀನಿಯರ್ ಇಂಡಿಪೆಂಡೆನ್ಸ್ (ಯಾವ ವೆಕ್ಟರನ್ನೂ ಉಳಿದವುಗಳಿಂದ ಕಟ್ಟಲಾಗದ ಸ್ವತಂತ್ರತೆ), ಟ್ರಾನ್ಸ್‌ಫರ್ಮೇಶನ್ ಎರಡೂ ಅಲ್ಲೇ ಕುಳಿತಿವೆ. ನಾಲ್ಕನೆಯ ಅಧ್ಯಾಯದಲ್ಲಿ ವೆಕ್ಟರ್ ಸ್ಪೇಸ್ ಬರುವ ಹೊತ್ತಿಗೆ ಓದುಗನಿಗೆ ಅವು ಪರಿಚಿತ ಮುಖಗಳಾಗಿರುತ್ತವೆ. ಮೊದಲ ಓದಿಗೆ ಇಷ್ಟು ಉಪಾಯವಾಗಿ ಜೋಡಿಸಿದ ಪುಸ್ತಕ ಅಪರೂಪ.

ಗಿಲ್ಬರ್ಟ್ ಸ್ಟ್ರಾಂಗ್ ಅವರ ‘ಇಂಟ್ರೊಡಕ್ಷನ್ ಟು ಲೀನಿಯರ್ ಆಲ್ಜೀಬ್ರಾ’ದ ಐದನೆಯ ಆವೃತ್ತಿಯಲ್ಲಿ ಡಿಟರ್ಮಿನೆಂಟ್ ಐದನೆಯ ಅಧ್ಯಾಯಕ್ಕೆ, ಲಂಬತೆಯ ನಂತರಕ್ಕೆ ಸರಿದಿದೆ. ಇದೂ ಮ್ಯಾಟ್ರಿಕ್ಸ್ ದಾರಿಯೇ, ಆದರೆ ಲೆಕ್ಕಕ್ಕಿಂತ ಚಿತ್ರಕ್ಕೆ ಒತ್ತು. ಫ್ರೀಡ್‌ಬರ್ಗ್, ಇನ್ಸೆಲ್, ಸ್ಪೆನ್ಸ್ ಮೂವರ ಪುಸ್ತಕ ವೆಕ್ಟರ್ ಸ್ಪೇಸ್‌ನಿಂದಲೇ ಆರಂಭಿಸಿ ನಾಲ್ಕನೆಯ ಅಧ್ಯಾಯದಲ್ಲಿ ಡಿಟರ್ಮಿನೆಂಟ್ ತರುತ್ತದೆ. ಸ್ಪೇಸ್ ದಾರಿಯಾದರೂ ಕೈಹಿಡಿದು ನಡೆಸುವ ಪೈಕಿ.

ಶೆಲ್ಡನ್ ಆಕ್ಸ್ಲರ್ ಅವರ ‘ಲೀನಿಯರ್ ಆಲ್ಜೀಬ್ರಾ ಡನ್ ರೈಟ್’ ಮೊದಲು ಬಂದದ್ದು 1990ರ ದಶಕದಲ್ಲಿ. ಅದರಲ್ಲಿ ಡಿಟರ್ಮಿನೆಂಟ್ ಕೊನೆಯ ಅಧ್ಯಾಯಕ್ಕೆ ಹೋಗಿದೆ, ಅದೂ ಬೇಕೆಂದೇ. ಐಗನ್ ವ್ಯಾಲ್ಯೂ ಇದೆ ಎಂಬುದನ್ನು ಅವರು ಡಿಟರ್ಮಿನೆಂಟ್ ಮುಟ್ಟದೆ ಸಾಧಿಸುತ್ತಾರೆ: n ಡೈಮೆನ್ಶನ್‌ನ ಸ್ಪೇಸ್‌ನಲ್ಲಿ T ಎಂಬ ಟ್ರಾನ್ಸ್‌ಫರ್ಮೇಶನ್‌ಗೆ ಸೊನ್ನೆಯಲ್ಲದ v ಎಂಬ ವೆಕ್ಟರ್ ತೆಗೆದುಕೊಂಡು v, Tv, T²v ಎಂದು Tⁿv ವರೆಗೆ ಬರೆದರೆ n+1 ವೆಕ್ಟರ್‌ಗಳಾಗುತ್ತವೆ, ಅಷ್ಟೂ ಸ್ವತಂತ್ರವಾಗಿರಲು ಜಾಗವಿಲ್ಲ, ಆದ್ದರಿಂದ ಅವುಗಳ ನಡುವೆ ಒಂದು ಸಂಬಂಧ ಇರಲೇಬೇಕು, ಆ ಸಂಬಂಧವೇ ಒಂದು ಬಹುಪದಿ, ಸಂಕೀರ್ಣ ಸಂಖ್ಯೆಗಳಲ್ಲಿ ಅದು ಒಡೆಯುತ್ತದೆ, ಒಡೆದ ತುಂಡುಗಳಲ್ಲಿ ಒಂದಾದರೂ ಐಗನ್ ವ್ಯಾಲ್ಯೂ ಕೊಡುತ್ತದೆ. ಸೊಗಸಾದ ವಾದ, ಓದಿ ಮುಗಿಸಿದ ಮೇಲೂ ಕಾಡುವಂಥದ್ದು. ಆದರೆ ಇದರ ಸೊಗಸು ಹತ್ತುವುದು |A − λI| = 0 ಎಂದು ಬರೆದು ಬರೆದು ಬೇಸತ್ತವನಿಗೆ. ಈ ಪುಸ್ತಕ ಬಹುಮಟ್ಟಿಗೆ ವಿಷಯವನ್ನು ಎರಡನೆಯ ಬಾರಿ ಓದುವವರಿಗೆಂದು ಲೇಖಕರೇ ಮುನ್ನುಡಿಯಲ್ಲಿ ಸೂಚಿಸಿದ್ದಾರೆ. ಮುನ್ನುಡಿ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಪುಸ್ತಕ ಯಾರಿಗೆ ಎಂದು ಲೇಖಕ ನೇರವಾಗಿ ಹೇಳುವ ಜಾಗ ಅದೊಂದೇ.

ಹಾಫ್‌ಮನ್–ಕುಂಜೆ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ, ಅದು ಪೂರ್ತಿ ಅಮೂರ್ತ ಎಂದು. ಅದರ ಮೊದಲ ಅಧ್ಯಾಯ ಸಮೀಕರಣಗಳದ್ದೇ, ಸಾಲುಗಳ ಲೆಕ್ಕವೇ. ಆದರೆ ಮೊದಲ ಪುಟಗಳಲ್ಲೇ ‘ಫೀಲ್ಡ್’ (ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯೆಗಳ ವ್ಯವಸ್ಥೆ) ಬರುತ್ತದೆ, ಬರವಣಿಗೆ ಬಿಗಿ, ಹಿಂಭಾಗದಲ್ಲಿ ಉತ್ತರಗಳಿಲ್ಲ. ಇಂದಿಗೂ ಮಾರಾಟವಾಗುವ ಎರಡನೆಯ ಆವೃತ್ತಿ 1971ರದ್ದು, ಎಂಐಟಿಯ ಪಾಠಗಳಿಂದ ಬೆಳೆದದ್ದು. ಸ್ಟ್ರಾಂಗ್ ಪಾಠ ಮಾಡಿದ್ದೂ ಅಲ್ಲಿಯೇ. ಒಂದೇ ಸಂಸ್ಥೆ, ಒಂದೇ ವಿಷಯ, ಇಷ್ಟು ಬೇರೆಯಾದ ಎರಡು ಪುಸ್ತಕ. ‘ಎಂಐಟಿ ಪುಸ್ತಕ’ ಎಂಬ ಶಿಫಾರಸಿಗೆ ಅರ್ಥವಿಲ್ಲ ಎನ್ನಲು ಇಷ್ಟು ಸಾಕು.

ಜಾರ್ಡನ್ ರೂಪ ಬೇಕಾದವರು, ಅಂದರೆ ಮುಂದೆ ನೆಟ್ ಪರೀಕ್ಷೆ ಬರೆಯುವವರು, ಏಳನೆಯ ಅಧ್ಯಾಯ ನೋಡಿಕೊಳ್ಳಿ: ಹಾಫ್‌ಮನ್–ಕುಂಜೆಯಲ್ಲೂ ಫ್ರೀಡ್‌ಬರ್ಗ್‌ನಲ್ಲೂ ಅದು ಅಲ್ಲಿದೆ.

ನಾಲ್ಕನೆಯ ಹೆಜ್ಜೆ: ಒಂದೇ ಲೆಕ್ಕವನ್ನು ಮೂರು ಪುಸ್ತಕಗಳಲ್ಲಿ ಓದಿ ನೋಡುವುದು

ಇದೇ ನಿಜವಾದ ಪರೀಕ್ಷೆ. ಗ್ರಂಥಾಲಯದಲ್ಲಿ ಮೂರು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಒಂದು ಮಧ್ಯಾಹ್ನ ಕುಳಿತರೆ ಮುಗಿಯುತ್ತದೆ. ಈ ಎರಡು ಸಮೀಕರಣಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ:

x + 2y = 3
2x + 4y = 6

ಮೊದಲ ಬಗೆಯ ಪುಸ್ತಕ ಹೇಳುವುದು ಹೀಗೆ: ಮೊದಲ ಸಾಲನ್ನು ಎರಡರಿಂದ ಗುಣಿಸಿ ಎರಡನೆಯದರಿಂದ ಕಳೆಯಿರಿ. 0 = 0 ಉಳಿಯಿತು. ಇರುವುದು ಒಂದೇ ಸಮೀಕರಣ, ರ್ಯಾಂಕ್ 1. y = t ಎಂದು ಇಟ್ಟರೆ x = 3 − 2t; ಉತ್ತರಗಳು ಅನಂತ. ಬಲಗಡೆಯ 6ರ ಜಾಗದಲ್ಲಿ 7 ಇದ್ದಿದ್ದರೆ 0 = 1 ಬರುತ್ತಿತ್ತು, ಉತ್ತರವೇ ಇರುತ್ತಿರಲಿಲ್ಲ. ಸರಿ, ಆದರೆ 6ಕ್ಕೆ ಇರುವ ಭಾಗ್ಯ 7ಕ್ಕೆ ಏಕಿಲ್ಲ?

ಎರಡನೆಯ ಬಗೆಯ ಪುಸ್ತಕ ಸಾಲನ್ನು ಬಿಟ್ಟು ಕಂಬವನ್ನು (ಕಾಲಂ) ನೋಡು ಎನ್ನುತ್ತದೆ. ನಮ್ಮ ಎಪಿಎಂಸಿಗೆ ಬರುವ ಗಾಡಿಗಳನ್ನು ಇಟ್ಟುಕೊಂಡು ಹೇಳುತ್ತೇನೆ. ಚಿಕ್ಕ ಗಾಡಿಯಲ್ಲಿ ಒಂದು ಮೂಟೆ ತೊಗರಿ, ಎರಡು ಮೂಟೆ ಜೋಳ. ದೊಡ್ಡ ಗಾಡಿಯಲ್ಲಿ ಎರಡು ಮೂಟೆ ತೊಗರಿ, ನಾಲ್ಕು ಮೂಟೆ ಜೋಳ. ಚಿಕ್ಕವು x, ದೊಡ್ಡವು y ಬಂದರೆ ಒಟ್ಟು ತೊಗರಿ x + 2y, ಜೋಳ 2x + 4y. ಎಷ್ಟು ಗಾಡಿ ಬಂದರೂ ಜೋಳ ತೊಗರಿಯ ಎರಡರಷ್ಟೇ ಇರುತ್ತದೆ. ಮೂರು ತೊಗರಿ, ಆರು ಜೋಳ ಇಳಿಸಬಹುದು: ಮೂರು ಚಿಕ್ಕ ಗಾಡಿಗಳಲ್ಲಾದರೂ ಆದೀತು, ಒಂದು ಚಿಕ್ಕದು ಒಂದು ದೊಡ್ಡದರಲ್ಲಾದರೂ ಆದೀತು. ಮೂರು ತೊಗರಿ, ಏಳು ಜೋಳ ಮಾತ್ರ ಏನು ಮಾಡಿದರೂ ಬರದು. (1, 2) ಮತ್ತು (2, 4) ಒಂದೇ ಗೆರೆಯ ಮೇಲಿವೆ. ಆ ಗೆರೆಯ ಆಚೆಯ ಯಾವ ಬಿಂದುವನ್ನೂ ಅವುಗಳಿಂದ ಮುಟ್ಟಲಾಗದು. ಮೈನಸ್ ಎರಡು ಗಾಡಿ ಎಂದರೇನು ಎಂದು ಕೇಳಬೇಡಿ. ಗಣಿತಕ್ಕೆ ಗಾಡಿಯ ಹಂಗಿಲ್ಲ. ಸ್ಟ್ರಾಂಗ್ ಅವರ ಪುಸ್ತಕದ ಜೀವಾಳ ಈ ಕಂಬದ ನೋಟವೇ.

ಮೂರನೆಯ ಬಗೆಯ ಪುಸ್ತಕದಲ್ಲಿ ಸಮೀಕರಣವೇ ಇಲ್ಲ. T(x, y) = (x + 2y, 2x + 4y) ಎಂಬ ಟ್ರಾನ್ಸ್‌ಫರ್ಮೇಶನ್ ಇದೆ. ಅದರ ಇಮೇಜ್ ಒಂದು ಗೆರೆ, ಡೈಮೆನ್ಶನ್ 1. ಸೊನ್ನೆಗೆ ಹೋಗುವ ವೆಕ್ಟರ್‌ಗಳು (−2, 1)ರ ಅಪವರ್ತ್ಯಗಳು, ಅದರ ಡೈಮೆನ್ಶನ್ ಕೂಡ 1. ಕೂಡಿದರೆ 2, ಹೊರಟ ಸ್ಪೇಸ್‌ನ ಡೈಮೆನ್ಶನ್. ರ್ಯಾಂಕ್–ನಲ್ಲಿಟಿ ಪ್ರಮೇಯ ಎಂದರೆ ಇದೇ. ಮೊದಲ ಪುಸ್ತಕದ t, ಅಂದರೆ ಉತ್ತರದಲ್ಲಿದ್ದ ಆ ಒಂದು ಸ್ವಾತಂತ್ರ್ಯ, ಇಲ್ಲಿ ಸೊನ್ನೆಗೆ ಹೋಗುವ ಗೆರೆಯಾಗಿ ಕಾಣುತ್ತಿದೆ.

ಈಗ ನಿಮ್ಮ ಮುಂದಿರುವ ಮೂರು ಪುಸ್ತಕಗಳಲ್ಲಿ ರ್ಯಾಂಕ್–ನಲ್ಲಿಟಿ ಪ್ರಮೇಯದ ಪುಟ ತೆರೆಯಿರಿ. ಸೂಚಿಯಲ್ಲಿ ‘ರ್ಯಾಂಕ್’ ಹುಡುಕಿದರೆ ಸಿಗುತ್ತದೆ. ಆ ಪುಟ ಓದುತ್ತಾ ಈ ಎರಡು ಸಮೀಕರಣಗಳಿಗೆ ಅದನ್ನು ಹೊಂದಿಸಲು ನಿಮಗೆ ಸಾಧ್ಯವಾಗುತ್ತಿದೆಯೇ? ಯಾವ ಪುಸ್ತಕದಲ್ಲಿ ಪೆನ್ಸಿಲ್ ತಾನಾಗಿ ಹಾಳೆಯ ಕಡೆ ಹೋಗುತ್ತದೋ ಅದು ನಿಮ್ಮ ಪುಸ್ತಕ. ಎಲ್ಲ ಸಲೀಸಾಗಿ ಅರ್ಥವಾಗಿ ಪೆನ್ಸಿಲ್ ಎತ್ತಬೇಕೆಂದೇ ಅನಿಸದ ಪುಸ್ತಕ ಅನುಮಾನಾಸ್ಪದ. ಒಂದೇ ಸಾಲಿನಲ್ಲಿ ಮೂರು ಹಳೆಯ ಪ್ರಮೇಯಗಳ ಸಂಖ್ಯೆ ಕೊಟ್ಟು ‘ಇದರಿಂದ ಸ್ಪಷ್ಟ’ ಎನ್ನುವ ಪುಸ್ತಕ ಮುಂದಿನ ವರ್ಷಕ್ಕಿರಲಿ.

ಐದನೆಯ ಹೆಜ್ಜೆ: ಅಭ್ಯಾಸದ ಲೆಕ್ಕಗಳು

ಪಾಠಭಾಗ ಚೆನ್ನಾಗಿದ್ದು ಅಭ್ಯಾಸ ಸೊರಗಿದ ಪುಸ್ತಕ ಕೊಳ್ಳುವುದಕ್ಕಿಂತ, ಪಾಠ ಸಾಧಾರಣವಾಗಿದ್ದು ಅಭ್ಯಾಸ ಗಟ್ಟಿಯಾದದ್ದನ್ನು ಕೊಳ್ಳುವುದು ಮೇಲು. ಪಾಠಕ್ಕೆ ಅಧ್ಯಾಪಕರಿದ್ದಾರೆ, ಐಐಟಿಗಳ ಉಚಿತ ವಿಡಿಯೊ ಪಾಠಗಳ ತಾಣ ಎನ್‌ಪಿಟಿಇಎಲ್ ಇದೆ, ಸ್ಟ್ರಾಂಗ್ ಅವರ ತರಗತಿಗಳೇ ಎಂಐಟಿಯ ತಾಣದಲ್ಲಿ ಉಚಿತವಾಗಿವೆ. ನಿಮ್ಮ ಬದಲು ಲೆಕ್ಕ ಮಾಡಿಕೊಡುವವರು ಯಾರೂ ಇಲ್ಲ.

ಲೀನಿಯರ್ ಇಂಡಿಪೆಂಡೆನ್ಸ್ ಭಾಗದ ಅಭ್ಯಾಸ ತೆರೆಯಿರಿ. ಎಲ್ಲವೂ ‘ಈ ಮೂರು ವೆಕ್ಟರ್‌ಗಳು ಸ್ವತಂತ್ರವೇ, ಪರೀಕ್ಷಿಸಿ’ ಎಂಬ ಒಂದೇ ಅಚ್ಚಿನವಾಗಿದ್ದರೆ ಐದು ಲೆಕ್ಕದ ಮೇಲೆ ಹೊಸದೇನೂ ಕಲಿಯುವುದಿಲ್ಲ. ಸರಿ–ತಪ್ಪು ಪ್ರಶ್ನೆಗಳಿವೆಯೇ ನೋಡಿ. ಫ್ರೀಡ್‌ಬರ್ಗ್‌ನಲ್ಲಿ ಪ್ರತಿ ವಿಭಾಗದ ಅಭ್ಯಾಸವೂ ಬಹುಮಟ್ಟಿಗೆ ಅವುಗಳಿಂದಲೇ ಆರಂಭವಾಗುತ್ತದೆ. ಲೇ ಅವರಲ್ಲೂ ಧಾರಾಳವಾಗಿವೆ. ಉದಾಹರಣೆಗೆ ಇಂಥದ್ದೊಂದು ಹೇಳಿಕೆ: ‘ಮೂರು ವೆಕ್ಟರ್‌ಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಸ್ವತಂತ್ರವಾಗಿದ್ದರೆ, ಮೂರೂ ಸೇರಿ ಸ್ವತಂತ್ರ.’ ಕೇಳಿದೊಡನೆ ಹೌದೆನಿಸುತ್ತದೆ. (1, 0), (0, 1), (1, 1) ಬರೆದು ನೋಡಿದರೆ ಸುಳ್ಳು. ಇಂಥ ಹತ್ತು ಪ್ರಶ್ನೆಗಳಲ್ಲಿ ಕಲಿಯುವುದು ನೂರು ಲೆಕ್ಕಗಳಲ್ಲಿ ಬರುವುದಿಲ್ಲ.

ಒಬ್ಬರೇ ಓದುವವರಿಗೆ ಉತ್ತರಗಳು ಬೇಕೇ ಬೇಕು. ಲೇ ಅವರ ಪುಸ್ತಕದ ಹಿಂದೆ ಬೆಸಸಂಖ್ಯೆಯ ಲೆಕ್ಕಗಳಿಗೆ ಉತ್ತರಗಳಿವೆ. ಲಿಪ್‌ಶುಟ್ಜ್ ಅವರ ಶಾಮ್ಸ್ ಸರಣಿಯ ಪುಸ್ತಕ ಬಿಡಿಸಿದ ಲೆಕ್ಕಗಳ ಕಣಜ. ಅದನ್ನು ಮುಖ್ಯ ಪುಸ್ತಕ ಮಾಡಿಕೊಳ್ಳಬೇಡಿ, ಪಕ್ಕದಲ್ಲಿಟ್ಟುಕೊಳ್ಳಿ. ಉತ್ತರದ ಮೇಲೆ ಹಾಳೆ ಮುಚ್ಚಿಟ್ಟು ಮಾಡುವ ಶಿಸ್ತು ಇಲ್ಲದವರಿಗೆ ಅದು ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ, ಪರೀಕ್ಷೆಯ ದಿನ ಕೈ ಕೊಡುತ್ತದೆ.

ಆರನೆಯ ಹೆಜ್ಜೆ: ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು ಮಾಡಬೇಕು

ಮೊದಲು ನಿಮ್ಮ ಕಾಲೇಜಿನ ಗ್ರಂಥಾಲಯ. ಕಪಾಟಿನಲ್ಲಿ ಕಾಣದಿದ್ದರೆ ಆಕರ ವಿಭಾಗದಲ್ಲಿ ಕೇಳಿ. ಹಾಫ್‌ಮನ್–ಕುಂಜೆಯಂಥವು ಹೊರಗೆ ಕೊಡದ ಪುಸ್ತಕಗಳ ನಡುವೆ ಇರುವುದುಂಟು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುವ ಪರಿಚಿತರಿದ್ದರೆ ಜ್ಞಾನಗಂಗೆಗೆ ಒಂದು ಸಲ ಹೋಗಿಬರುವುದು ವ್ಯರ್ಥವಲ್ಲ. ಊರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಪಠ್ಯಕ್ರಮದ ಪುಸ್ತಕ, ಗೈಡ್‌ಗಳು. ಉಳಿದದ್ದನ್ನು ತರಿಸಿಕೊಡಲು ಹೇಳಬೇಕು ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಹೈದರಾಬಾದಿಗೆ ಹೋಗುವವರು ಭಾನುವಾರವೇ ಹೋಗಿ: ಅಬಿಡ್ಸ್‌ನ ಪಾದಚಾರಿ ದಾರಿಯ ಮೇಲೆ ಹಳೆಯ ಪುಸ್ತಕಗಳು ಹರಡಿಕೊಳ್ಳುವುದು ಅಂದೇ.

ಹೆಸರಿನ ವಿಷಯದಲ್ಲಿ ಎಚ್ಚರ. ‘ಲೀನಿಯರ್ ಆಲ್ಜೀಬ್ರಾ ಅಂಡ್ ಇಟ್ಸ್ ಅಪ್ಲಿಕೇಶನ್ಸ್’ ಎಂಬ ಒಂದೇ ಹೆಸರಿನಲ್ಲಿ ಲೇ, ಸ್ಟ್ರಾಂಗ್, ಪೀಟರ್ ಲ್ಯಾಕ್ಸ್ ಮೂವರ ಪುಸ್ತಕಗಳಿವೆ. ಲ್ಯಾಕ್ಸ್ ಅವರದು ಆರಂಭಿಕರಿಗಲ್ಲ. ‘ಇಂಟ್ರೊಡಕ್ಷನ್ ಟು ಲೀನಿಯರ್ ಆಲ್ಜೀಬ್ರಾ’ ಎಂಬ ಹೆಸರಿನಲ್ಲಿ ಸ್ಟ್ರಾಂಗ್ ಅವರದೂ ಇದೆ, ಸರ್ಜ್ ಲ್ಯಾಂಗ್ ಅವರದೂ ಇದೆ. ಅಂಗಡಿಯವರಿಗೆ ಲೇಖಕರ ಹೆಸರನ್ನೂ ಪ್ರಕಾಶಕರ ಹೆಸರನ್ನೂ ಬರೆದುಕೊಡಿ.

ಹೊಸ ಆವೃತ್ತಿಯೇ ಬೇಕೆಂಬ ಹಟ ಬೇಡ. ಈ ವಿಷಯದ ಮೊದಲ ಪಾಠ ಐವತ್ತು ವರ್ಷಗಳಲ್ಲಿ ಅಷ್ಟೇನೂ ಬದಲಾಗಿಲ್ಲ. ಬದಲಾಗುವುದು ಲೆಕ್ಕಗಳ ಸಂಖ್ಯೆ ಮತ್ತು ಕ್ರಮ; ಅಧ್ಯಾಪಕರು ಲೆಕ್ಕದ ಸಂಖ್ಯೆ ಹೇಳಿ ಮನೆಗೆಲಸ ಕೊಡುತ್ತಿದ್ದರೆ ಮಾತ್ರ ಅದು ತೊಂದರೆ. ಭಾರತದಲ್ಲಷ್ಟೇ ಮಾರುವ ಅಗ್ಗದ ಮುದ್ರಣ ಸಿಕ್ಕರೆ ಅದೇ ಸಾಕು. ಕೊಳ್ಳುವಾಗ ಮ್ಯಾಟ್ರಿಕ್ಸ್‌ಗಳ ಪುಟ ತೆರೆದು ಸಬ್‌ಸ್ಕ್ರಿಪ್ಟ್ ಅಂಕಿಗಳು ಕಣ್ಣಿಗೆ ಕಾಣುತ್ತವೆಯೇ ನೋಡಿ. ನಕಲಿ ಪ್ರತಿಯಲ್ಲಿ ಮೊದಲು ಮಸುಕಾಗುವುದು ಅವೇ, ಆಮೇಲೆ a₁₂ ಯಾವುದು a₂₁ ಯಾವುದು ಎಂದು ತಿಳಿಯದೆ ಒದ್ದಾಡಬೇಕು.

ದುಡ್ಡೇ ಇಲ್ಲದಿದ್ದರೂ ಚಿಂತೆಯಿಲ್ಲ. ಜಿಮ್ ಹೆಫೆರಾನ್ ಅವರ ‘ಲೀನಿಯರ್ ಆಲ್ಜೀಬ್ರಾ’ವನ್ನು ಲೇಖಕರೇ ಉಚಿತವಾಗಿ ಕೊಟ್ಟಿದ್ದಾರೆ, ಎಲ್ಲ ಅಭ್ಯಾಸಗಳಿಗೂ ಬಿಡಿಸಿದ ಉತ್ತರಗಳ ಪ್ರತ್ಯೇಕ ಕಡತದ ಸಮೇತ. ಸಮೀಕರಣಗಳಿಂದ ಹೊರಟು ಎರಡನೆಯ ಅಧ್ಯಾಯದಲ್ಲೇ ವೆಕ್ಟರ್ ಸ್ಪೇಸ್‌ಗೆ ಬರುತ್ತದೆ. ಸಾಧನೆ ಬರೆಯುವುದನ್ನು ನಿಧಾನವಾಗಿ ಕಲಿಸುತ್ತದೆ. ಎರಡು ದಾರಿಗಳ ನಡುವೆ ಇಷ್ಟು ಹದವಾಗಿ ನಿಂತ ಪುಸ್ತಕ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು. ಆಕ್ಸ್ಲರ್ ಅವರ ನಾಲ್ಕನೆಯ ಆವೃತ್ತಿಯೂ ಈಗ ಕಾನೂನುಬದ್ಧವಾಗಿ ಉಚಿತ. ಮೊಬೈಲ್ ಪರದೆಯ ಮೇಲೆ ಗಣಿತ ಓದುವುದು ಕಷ್ಟ. ಹೆಫೆರಾನ್ ಅವರ ಮೊದಲ ಮೂರು ಅಧ್ಯಾಯಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿಗೆ ಮುದ್ರಿಸಿ ಸ್ಪೈರಲ್ ಹಾಕಿಸಿ. ಉತ್ತರಗಳ ಕಡತ ಮೊಬೈಲ್‌ನಲ್ಲೇ ಇರಲಿ, ಕೈಗೆ ಸುಲಭವಾಗಿ ಸಿಗದಿರುವುದೇ ಒಳ್ಳೆಯದು.

ಹಾಗಾದರೆ ಯಾವುದು?

ಜಾರಿಕೊಳ್ಳದೆ ಹೇಳುವುದಾದರೆ: ಬಿಎಸ್ಸಿಯ ಮೊದಲ ಓದಿಗೆ ಲೇ ಅಥವಾ ಹೆಫೆರಾನ್, ಜೊತೆಗೆ ಶಾಮ್ಸ್. ಬಿಇ ಮತ್ತು ಡೇಟಾ ಸೈನ್ಸ್‌ನವರಿಗೆ ಸ್ಟ್ರಾಂಗ್, ಅವರ ತರಗತಿಗಳೊಂದಿಗೆ. ಅವರ ಬರಹ ಮಾತಾಡಿದಂತಿರುವುದರಿಂದ ಸಾಧನೆಗಳನ್ನು ಅಚ್ಚುಕಟ್ಟಾಗಿ ಬರೆಯಲು ಕಲಿಯಬಯಸುವವರಿಗೆ ಅದೊಂದೇ ಸಾಲದು. ಜಾಮ್ ಬರೆಯುವವರು ಮೊದಲ ಓದು ಮುಗಿಸಿ ಫ್ರೀಡ್‌ಬರ್ಗ್ ಹಿಡಿಯಲಿ. ಗೆರೆ, ಸಮತಲಗಳ ಚಿತ್ರದಿಂದ ಅಮೂರ್ತಕ್ಕೆ ಹೋಗಬೇಕೆಂಬ ಆಸೆಯಿದ್ದರೆ ಎಸ್. ಕುಮರೇಶನ್ ಅವರ ‘ಲೀನಿಯರ್ ಆಲ್ಜೀಬ್ರಾ: ಎ ಜಿಯೊಮೆಟ್ರಿಕ್ ಅಪ್ರೋಚ್’ ನಮ್ಮ ದೇಶದಲ್ಲೇ ಬರೆದ ಒಳ್ಳೆಯ ಪುಸ್ತಕ. ಹಾಫ್‌ಮನ್–ಕುಂಜೆ, ಆಕ್ಸ್ಲರ್ ಎರಡೂ ಮೊದಲ ಓದಿಗಲ್ಲ.

ಮುಖ್ಯ ಪುಸ್ತಕ ಒಂದೇ ಇರಲಿ. ಸಿಕ್ಕಿಕೊಂಡಾಗ ಇನ್ನೊಂದರಲ್ಲಿ ಅದೇ ವಿಷಯದ ಪುಟ ಓದಿ, ಬಿಡಿಸಿಕೊಂಡು ಮರಳಿ ಬನ್ನಿ. ಅಲ್ಲೇ ಠಿಕಾಣಿ ಹೂಡಬೇಡಿ. ಎರಡು ಪುಸ್ತಕಗಳ ಸಂಕೇತಗಳು ಒಂದೇ ಆಗಿರುವುದಿಲ್ಲ, ಒಂದರಲ್ಲಿ ನಲ್ ಸ್ಪೇಸ್ ಎಂದದ್ದು ಇನ್ನೊಂದರಲ್ಲಿ ಕರ್ನಲ್. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಜೋಡಿ ಪಟ್ಟಿ ಮಾಡಿಕೊಳ್ಳಿ. ಪುಸ್ತಕ ಬದಲಿಸುವ ಯೋಚನೆ ಬಂದರೆ, ಬೇಸಿಸ್ ಮತ್ತು ಡೈಮೆನ್ಶನ್ ಭಾಗ ಮುಗಿಯುವವರೆಗೆ ತಡೆಯಿರಿ. ಅಲ್ಲಿಯವರೆಗೆ ಎಲ್ಲ ಪುಸ್ತಕವೂ ಕಷ್ಟವೇ. ಅದನ್ನು ದಾಟಿದ ಮೇಲೂ ಅಭ್ಯಾಸದಲ್ಲಿ ಮೂರಕ್ಕೆ ಒಂದು ಲೆಕ್ಕವೂ ನಿಮ್ಮಿಂದ ಆಗುತ್ತಿಲ್ಲವೆಂದರೆ, ಆ ಪುಸ್ತಕವನ್ನು ಗ್ರಂಥಾಲಯಕ್ಕೆ ಮರಳಿಸಿ ಹೆಫೆರಾನ್ ಅವರ ಎರಡನೆಯ ಅಧ್ಯಾಯದಿಂದ ಆರಂಭಿಸಿ.